ಚುಕ್ಕಿ ಇಡುವ ಜಾಗ

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗುರುದೇವಿಯ ಫೋನು. "ಸರ್, ಚುಕ್ಕಿ ಹೋಗೇತ್ರಿ" ಎಂದಳು. ಆ ದನಿ ಕೇಳಿ ಯಾರೋ ತೀರಿಕೊಂಡರೆಂದೇ ಅಂದುಕೊಂಡೆ.

ಕಾಚಿಗುಡದಿಂದ ದಿಲ್‌ಸುಖ್‌ನಗರಕ್ಕೆ ಆಟೋದಲ್ಲಿ ಹೋದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಅದೇ ಬ್ರೈಲ್ ಮುದ್ರಣಾಲಯ, ಅದೇ ದಪ್ಪ ಕಾಗದದ ವಾಸನೆ. ರೈಲ್ವೆ ಕೆಲಸದಿಂದ ನಿವೃತ್ತನಾದ ಮೇಲೆ ಆ ಕಡೆ ಕಾಲಿಡುವುದೇ ಅಪರೂಪವಾಗಿತ್ತು. ಗುರುದೇವಿ ಈಗ ಅಲ್ಲಿಯ ಮುಖ್ಯಸ್ಥೆ. ಯಾದಗಿರಿ ಕಡೆಯವಳು, ಕನ್ನಡದಲ್ಲಿ ಎಂ.ಎ. ಮಾಡಿದ್ದಾಳೆ, ಹುಟ್ಟಿನಿಂದ ಕಣ್ಣಿಲ್ಲ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿಯೇ, "ಬರ್ರಿ ಜಯತೀರ್ಥ ಸರ್" ಎಂದಳು.

ಆದದ್ದು ಇಷ್ಟು. ಚುಕ್ಕಿ ಒತ್ತುವ ಹೊಸ ಯಂತ್ರವೊಂದು ದಾನವಾಗಿ ಬಂತು. ಅದಕ್ಕೆ ಕಂಪ್ಯೂಟರಿನ ಹಳೆಯ ಆಪರೇಟಿಂಗ್ ಸಿಸ್ಟಮ್ ಹೊಂದಲಿಲ್ಲ. ಯಾರೋ ತಂತ್ರಜ್ಞನನ್ನು ಕರೆಸಿದರು. ಅವನು ಹಳೆಯ ಸಿಸ್ಟಮ್ ಅಳಿಸಿ ಹೊಸದನ್ನು ಹಾಕಿದ. ಹಳೆಯದರ ಹೊಟ್ಟೆಯಲ್ಲಿ ನಮ್ಮ 'ಚುಕ್ಕಿ' ಇತ್ತು, ಅದೂ ಹೋಯಿತು. ಕನ್ನಡದಲ್ಲಿ ಟೈಪು ಮಾಡಿದ್ದನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸುವ ತಂತ್ರಾಂಶ ಅದು. ಹುಡುಗನನ್ನೂ ಬಯ್ಯುವಂತಿಲ್ಲ. ಅಂಥದೊಂದು ಒಳಗಿದೆ ಎಂದು ಅವನಿಗೆ ಯಾರು ಹೇಳಿದ್ದರು?

"ಸಾಲಿ ಜೂನ್ ಹನ್ನೆರಡಕ್ಕ ಚಾಲೂ ಆಗ್ತಾವ್ರಿ" ಎಂದಳು ಗುರುದೇವಿ. "ನಾರಾಯಣಪೇಟ ಕಡಿಂದ ಕನ್ನಡ ಮಾಧ್ಯಮದ ಮಕ್ಕಳ ಪುಸ್ತಕ ಕೇಳ್ಯಾರ. ತೆಲುಗಿಗೆ, ಉರ್ದುಗೆ ಬ್ಯಾರೆ ಸಾಫ್ಟ್‌ವೇರ್ ಐತ್ರಿ. ಕನ್ನಡಕ್ಕ ಇದೊಂದ ಇತ್ತು."

ನನ್ನ ಹಳೆಯ ಸಿಡಿಗಳು ಮನೆಯಲ್ಲಿವೆ ಎಂದು ಧೈರ್ಯ ಹೇಳಿ ಬಂದೆ.

ಏಪ್ರಿಲ್ 9, ಬುಧವಾರ

ಸಿಡಿಗಳು ಕೆಟ್ಟಿವೆ. ಕೆಲವುಗಳ ಬೆನ್ನು ಪೊರೆ ಬಿಟ್ಟಂತೆ ಎದ್ದಿದೆ. ಅಂಗಡಿಯಲ್ಲಿ ಓದಿಸಿದರೆ ಖಾಲಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಂದಾಕಿನಿ ಕೇಳಿದಳು. "ಅಲ್ರೀ, ಅಂವ ಹೊಸಾದು ಹಾಕಿದರ ನಿಮ್ಮದ್ಯಾಕ ಹೋಗಬೇಕು?"

ತಟ್ಟೆಯನ್ನೇ ತೋರಿಸಿ ಹೇಳಿದೆ. ಕಂಪ್ಯೂಟರಿನಲ್ಲಿ ಸಿಸ್ಟಮ್ ತಾನೇ ಹೊತ್ತು ತರುವ ತಂತ್ರಾಂಶಗಳಿರುತ್ತವೆ. ನಮ್ಮ ಕೆಲಸಕ್ಕೆ ನಾವು ಹೊರಗಿನಿಂದ ಸೇರಿಸುವಂಥವೂ ಇರುತ್ತವೆ. ಹೀಗೆ ಹೊರಗಿನಿಂದ ಬಂದದ್ದನ್ನು ಇಡಲು ಎರಡು ರೂಢಿ. 'ಲೋಕಲ್' ಎಂಬ ಜಾಗದಲ್ಲಿ ಹಂಚಿ ಇಡುವುದು ಒಂದು: ಪ್ರೋಗ್ರಾಮುಗಳ ಜೊತೆ ಪ್ರೋಗ್ರಾಮು, ಅಕ್ಷರಪಟ್ಟಿಗಳ ಜೊತೆ ಅಕ್ಷರಪಟ್ಟಿ. ಎಲ್ಲವೂ ಬೆರೆತಿರುತ್ತವೆ, ಕರೆದರೆ ಯಾವ ಮೂಲೆಯಿಂದಲೂ ಬರುತ್ತವೆ. ಇನ್ನೊಂದು ರೂಢಿ, 'ಆಪ್ಟ್' ಎಂಬ ಜಾಗದಲ್ಲಿ ಅದರದೇ ಹೆಸರಿನ ಫೋಲ್ಡರ್ ಮಾಡಿ, ಅದಕ್ಕೆ ಸೇರಿದ್ದನ್ನೆಲ್ಲ ಅದರೊಳಗೇ ತುಂಬುವುದು. ನಾನು ಲೋಕಲ್ ಎಂದೆ, ಚುಕ್ಕಿಯನ್ನು ನನ್ನ ಜೊತೆ ಬರೆದ ಆ ಮನುಷ್ಯ ಆಪ್ಟ್ ಎಂದರು. ಕೊನೆಗೆ ಲೋಕಲ್‌ನಲ್ಲೇ ಇಟ್ಟೆ, ಅದು ಹಳೆಯ ಸಿಸ್ಟಮ್ ಜೊತೆಗೇ ಅಳಿಸಿಹೋಯಿತು.

"ಸೊಸಿ ತಂದ ಪಾತ್ರಿ ಅಡಗೀಮನಿ ಮಾಡದಾಗ ಇಡಬೇಕೋ, ಆಕೀ ಟ್ರಂಕಿನ್ಯಾಗೇ ಇಡಬೇಕೋ ಅಂದಂಗಾತು" ಎಂದಳು. ಆಮೇಲೆ ಮಜ್ಜಿಗೆ ಬಡಿಸುತ್ತ, "ಇದಕ್ಕ ನೀವಿಬ್ಬರೂ ಇಷ್ಟ ವರ್ಷ ಮಾತು ಬಿಟ್ರೇನು?" ಎಂದಳು.

ಇದಕ್ಕೇ ಅಲ್ಲ. ಆದರೆ ವಿವರಿಸುವ ಮನಸ್ಸಾಗಲಿಲ್ಲ.

ಏಪ್ರಿಲ್ 15, ಮಂಗಳವಾರ

ಇವತ್ತು ಡಿಸ್ಕನ್ನು ಪೂರಾ ಜಾಲಾಡಿದೆ. ಆಪ್ಟ್ ಮಾತ್ರ ಡಿಸ್ಕಿನ ಬೇರೊಂದು ಭಾಗದಲ್ಲಿತ್ತು. ಹುಡುಗ ಆ ಭಾಗ ಮುಟ್ಟಿಲ್ಲ. ಅದರೊಳಗೆ 'ಚುಕ್ಕಿ' ಎಂಬ ಫೋಲ್ಡರ್. ತಾರೀಖು ನೋಡಿದರೆ 2003ರ ಆಗಸ್ಟ್. ನಮ್ಮ ಜಗಳದ ದಿನದ್ದು.

ಆ ದಿನ ಮೊದಲ ಬಾರಿಗೆ ಚುಕ್ಕಿಯನ್ನು ಮುದ್ರಣಾಲಯದಲ್ಲಿ ಕೂಡಿಸುವುದಿತ್ತು. ನಾನು ಊಟ ಮಾಡಿ ಬರುವಷ್ಟರಲ್ಲಿ ಮಲ್ಲಿಕಾರ್ಜುನ ಅವರು ನಾನು ಇಟ್ಟದ್ದನ್ನೆಲ್ಲ ಕಿತ್ತು ಆಪ್ಟ್‌ನಲ್ಲಿ ಹಾಕಿದ್ದರು. ನಾನು ತಿರುಗಿ ಲೋಕಲ್‌ಗೆ ಹಾಕಿದೆ. "ನಿಮಗ ಎಲ್ಲಾರ ಮನ್ಯಾಗೂ ಕೈಯಾಡಸೂ ಚಟ" ಎಂದರು. "ನೀನು ಎಲ್ಲಿಯೂ ಬೆರೆಯೋ ಮನಷ್ಯಾನೇ ಅಲ್ಲ" ಎಂದೆ. ಅಷ್ಟೇ. ಅವರು ಚೀಲ ತೆಗೆದುಕೊಂಡು ಇಳಿದು ಹೋದರು. ಆಮೇಲೆ ಮದುವೆ ಮುಂಜಿಗಳಲ್ಲಿ ಕಂಡರೂ 'ನಮಸ್ಕಾರ್ರಿ' ಎನ್ನುವುದು ಬಿಟ್ಟರೆ ಮಾತಿರಲಿಲ್ಲ. ಅವರ ಪ್ರತಿಯನ್ನು ಅಳಿಸಿದ್ದೆನೆಂದೇ ನಾನು ತಿಳಿದಿದ್ದೆ.

ಒಳಗಿನ ಫೈಲುಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಕೂತೆ. ಸಾಲುಗಳ ನಡುನಡುವೆ ನಾವು ಒಬ್ಬರಿಗೊಬ್ಬರು ಬರೆದುಕೊಂಡ ಟಿಪ್ಪಣಿಗಳು. 'ಇಲ್ಲಿ ಒತ್ತಕ್ಷರ ಸತಾಯಿಸ್ತೈತಿ, ಊಟಾದ ಮ್ಯಾಲ ನೋಡೂಣು.' 'ಜಯಾ, ನಿನ್ನೆ ನೀ ಮಾಡಿದ್ದು ಛಲೋ ಐತಿ, ಆದರ ನನಗ ತಿಳಿದಿಲ್ಲ.' ಆಗೆಲ್ಲ ಭಾನುವಾರ ಸಿಕಂದ್ರಾಬಾದಿನಲ್ಲಿ ಡಬಲ್ ಡೆಕ್ಕರ್ ಹತ್ತಿ, ಮೇಲಂತಸ್ತಿನ ಮುಂದಿನ ಸೀಟಿಗಾಗಿ ಓಡುತ್ತಿದ್ದೆವು, ಇಬ್ಬರೂ ಮಕ್ಕಳ ತಂದೆಯರಾಗಿದ್ದೂ. ಅಫ್ಜಲ್‌ಗಂಜ್‌ನಲ್ಲಿ ಇಳಿದು ಬೇರೆ ಬಸ್ಸು. ಮರದ ಕೊಂಬೆಗಳು ಗಾಜಿಗೆ ಬಡಿಯುವಾಗ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಫ್ಯಾನಿರಲಿಲ್ಲ. ಬನಿಯನ್ನಿನಲ್ಲೇ ಕೂತು ಬರೆಯುತ್ತಿದ್ದೆವು.

ಈ ಪ್ರತಿ ಹೊಸ ಸಿಸ್ಟಮ್‌ನಲ್ಲಿ ಓಡುವುದಿಲ್ಲ. ಅಕ್ಷರ ಬದಲಿಸುವ ಮುಖ್ಯ ಭಾಗ ಅವರು ಬರೆದದ್ದು. ಎಲ್ಲ ಹೆಸರುಗಳನ್ನೂ ಮೊಟಕು ಮಾಡಿದ್ದಾರೆ, ನನಗೆ ಬಿಡಿಸಲಾಗುತ್ತಿಲ್ಲ. ಮೇಲಾಗಿ ಆಮೇಲಿನ ವರ್ಷಗಳಲ್ಲಿ ಮಾಡಿದ ತಿದ್ದುಪಡಿಗಳು ಇದರಲ್ಲಿಲ್ಲ.

ಏಪ್ರಿಲ್ 21, ಸೋಮವಾರ

ಮುದ್ರಣಾಲಯಕ್ಕೆ ಹೋದರೆ ಕಿಟಕಿಯ ಪಕ್ಕದ ಮೇಜಿನಲ್ಲಿ ಆ ಮಹಾಶಯರು ಕೂತಿದ್ದಾರೆ! ತಲೆ ಪೂರ್ತಿ ಬೆಳ್ಳಗಾಗಿದೆ, ಮೈ ಇಳಿದಿದೆ. ಮುಂದೆ ಒಂದು ಬ್ರೈಲ್ ಹಾಳೆ.

"ಯಾವಾಗ ಬಂದ್ರಿ?" ಎಂದೆ.

ಒಂದು ಕ್ಷಣ ನನ್ನ ಪಕ್ಕದ ಗೋಡೆಯ ಕಡೆ ನೋಡಿದರು. "ಓ, ಜಯತೀರ್ಥ ಅವರಾ. ಆರಾಮದೀರಿ?"

"ಆರಾಮ."

"ಆಪ್ಟ್‌ದಾಗಿಂದು ಉಳದೈತಂತ?"

ಆ 'ಅಂತ'ದಲ್ಲಿ ನಗುವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕೇಳಿಸಿದ್ದು ಮಾತ್ರ ನಗು. ಗುರುದೇವಿ ನನ್ನ ಮೇಲೆ ನಂಬಿಕೆ ಇಲ್ಲದೆ ಅವರನ್ನು ಕರೆಸಿದ್ದಾಳೆ. ಕರೆಸಲಿ. ಮಾತಾಡುವಾಗ ಮುಖ ನೋಡಿ ಮಾತಾಡುವ ಸೌಜನ್ಯವೂ ಇಲ್ಲ ಮನುಷ್ಯನಿಗೆ. ಚಹಾ ಬರುವ ಮೊದಲೇ ಎದ್ದು ಬಂದೆ.

ಏಪ್ರಿಲ್ 22, ಮಂಗಳವಾರ

ಹೋಗಲಿಲ್ಲ. ಸೆಖೆ.

ಏಪ್ರಿಲ್ 25, ಶುಕ್ರವಾರ

ಗುರುದೇವಿ ಎರಡು ಸಲ ಫೋನು ಮಾಡಿದ ಮೇಲೆ ಹೋದೆ. ಅವರು ಇರಲಿಲ್ಲ. "ಸಾಫ್ಟ್‌ವೇರ್ ಬರೆದವರು ಬಂದಾರಲ್ಲ, ನನ್ನದೇನು ಕೆಲಸ?" ಎಂದೆ.

ಗುರುದೇವಿ ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು. "ಸರ್, ಅವರು ಕಂಪ್ಯೂಟರ್ ಕೆಲಸಕ್ಕ ಬರಂಗಿಲ್ರಿ. ಸಂಕ್ರಾಂತಿಯಿಂದ ಬರಾಕತ್ತಾರ. ನನ್ನ ಕಡೆ ಬ್ರೈಲ್ ಕಲ್ಯಾಕ."

ನನಗೆ ಅರ್ಥವಾಗಲಿಲ್ಲ. ಬ್ರೈಲಿನ ಪ್ರತಿ ಚುಕ್ಕಿಯೂ ಅವರಿಗೆ ಗೊತ್ತು. ಆ ಪಟ್ಟಿ ಬರೆದವರೇ ಅವರು.

"ತಲಿಗೆ ಗೊತ್ತೈತ್ರಿ. ಬೆರಳಿಗೆ ಗೊತ್ತಿಲ್ಲ" ಎಂದಳು. "ಸಕ್ಕರಿ ಕಾಯಿಲೆ ಕಣ್ಣಿಗೆ ಇಳದೈತಿ. ನಡುವಿಂದು ಹೋಗೇತಂತ, ಅಂಚಿಂದು ಅಷ್ಟ ಕಾಣ್ತೈತಂತ. ನಿಮಗ ಹೇಳಬ್ಯಾಡ ಅಂದಿದ್ರು. ಆದರ ನೀವು ಮೊನ್ನೆ ಚಹಾ ಬಿಟ್ಟು ಹೋದ್ರಿ. ಅವರು ಆಮ್ಯಾಲ ಏನೂ ಓದಲಿಲ್ಲ."

ಮನೆಗೆ ಬಂದೆ. ಮಂದಾಕಿನಿ ಕಾಫಿ ಕೊಟ್ಟಳು.

ಮೇ 3, ಶನಿವಾರ

ಉಪ್ಪಲ್‌ಗೆ, ಅವರ ಮನೆಗೆ ಹೋಗಿ ಬಂದೆ. ಕೆಲಸದ ಮೇಲೆಯೇ ಹೋದದ್ದು. ಆ ಮೊಟಕು ಹೆಸರುಗಳ ಅರ್ಥ ಕೇಳದೆ ಮುಂದೆ ಹೋಗುವಂತಿರಲಿಲ್ಲ.

ಬಾಗಿಲು ತೆಗೆದದ್ದು ಮಗಳು ಶೈಲಾ. ನಾನು ಕೊನೆಯ ಸಲ ನೋಡಿದಾಗ ಎರಡು ಜಡೆ ಹಾಕಿಕೊಂಡು ಮುದ್ರಣಾಲಯದ ತುಂಬ ಓಡುತ್ತಿದ್ದಳು. ಈಗ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. "ಕಾಕಾ!" ಎಂದಳು, ನಿನ್ನೆ ಮೊನ್ನೆ ಬಂದು ಹೋದವನನ್ನು ಕರೆದ ಹಾಗೆ. ಆಮೇಲೆ ಒಳಗೆ ತಿರುಗಿ, "ಪಪ್ಪಾ, ಯಾರ್ ಬಂದಾರ ಹೇಳ್ರಿ ನೋಡೂಣು."

"ಕೆಮ್ಮಿದ್ದು ಕೇಳೇನಿ. ಜಯತೀರ್ಥ" ಎಂದು ಒಳಗಿನಿಂದ ದನಿ ಬಂತು.

ಅವರ ಕೋಣೆ ನೋಡಿದೆ. ಮೊದಲೆಲ್ಲ ಅವರ ಮೇಜಿನ ಮೇಲೆ ಕೈಯಿಡಲು ಜಾಗವಿರುತ್ತಿರಲಿಲ್ಲ. ಈಗ ಮಂಚದ ಪಕ್ಕ ಒಂದೇ ಒಂದು ತಟ್ಟೆ. ಔಷಧ, ರೇಡಿಯೋ, ಬಾಚಣಿಕೆ, ಕೈಗಡಿಯಾರ, ನೀರು, ಎಲ್ಲ ಆ ತಟ್ಟೆಯಲ್ಲಿ. ನಾನು ಕೂರಲು ಜಾಗ ಮಾಡಿಕೊಳ್ಳುತ್ತ ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅವರು ತಟ್ಟೆಗೆ ಕೈ ಹಾಕಿದರು, ಲೋಟ ಸಿಗಲಿಲ್ಲ. ಕೈ ತಟ್ಟೆಯ ಸುತ್ತ ಹುಡುಕಿತು. ಬರಿದೇ ಹಿಂದೆ ಬಂತು. ಎದ್ದು ಲೋಟವನ್ನು ಇದ್ದಲ್ಲೇ ಇಟ್ಟೆ.

"ಎಷ್ಟು ಕಾಣತದ?" ಎಂದು ಕೇಳಿದೆ.

"ನಿನ್ನ ಮುಖ ಕಾಣಂಗಿಲ್ಲ. ಅದೊಂದು ಛಲೋ ಆಗೇತಿ" ಎಂದ. ಆಮೇಲೆ, "ಕಿವಿ ಕಾಣ್ತೈತಿ. ಗ್ವಾಡಿ ನೋಡಿದರ ನಿನ್ನ ಕಿವಿ ಕಾಣ್ತೈತಿ."

ಫೈಲು ತೆರೆದು ಓದಿದೆ. ನಾನು ಓದುತ್ತಿದ್ದ ಹಾಗೆ ಕಣ್ಣು ಮುಚ್ಚಿ ಕೇಳಿದ. ಒಂದೊಂದು ಹೆಸರಿಗೂ ಅರ್ಥ ಹೇಳಿದ. ಎಲ್ಲವೂ ನೆನಪಿದೆ! 'ಶಂಕ್ರಿ' ಎಂದರೆ ಏನು ಎಂದೆ. ಸೊನ್ನೆ, ಅನುಸ್ವಾರ. ಅವರ ಓಣಿಯ ಶಂಕ್ರಮ್ಮನ ಹಣೆಯ ಕುಂಕುಮ ಅಷ್ಟು ದುಂಡಗಿರುತ್ತಿತ್ತಂತೆ. ಇದನ್ನು ಯಾವ ವಿದ್ವಾಂಸ ಬಿಡಿಸಿಯಾನು? ಇಬ್ಬರೂ ನಕ್ಕೆವು. ಶೈಲಾ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದಳು.

ಮೇ 12, ಸೋಮವಾರ

ದಿನಚರಿ ಬರೆಯಲು ಬಿಡುವಾಗುತ್ತಿಲ್ಲ.

ಈಗ ಹೀಗೆ ನಡೆದಿದೆ. ನಾನು ಪರದೆಯ ಮುಂದೆ, ಮಲ್ಲಿಕಾರ್ಜುನ ನನ್ನ ಎಡಕ್ಕೆ, ಗುರುದೇವಿ ಎದುರಿಗೆ. ಗುರುದೇವಿ ಹಳೆಯ ಬ್ರೈಲ್ ಪುಸ್ತಕಗಳನ್ನು ಬೆರಳಿನಿಂದ ಓದುತ್ತ, ಆಮೇಲಿನ ವರ್ಷಗಳಲ್ಲಿ ಏನೇನು ತಿದ್ದಿದ್ದೆವೆಂದು ಹೇಳುತ್ತಾಳೆ. ಅವನು ಬಾಯಲ್ಲೇ ಹೊಸ ಸಾಲು ಕಟ್ಟುತ್ತಾನೆ. ನಾನು ಟೈಪು ಮಾಡಿ ತಿರುಗಿ ಓದಿ ಹೇಳುತ್ತೇನೆ. "ಅಲ್ಲೋ ಮಾರಾಯ, ಕಂಸ ಮುಚ್ಚು" ಎನ್ನುತ್ತಾನೆ. ಕಾಣದವನು ನನಗೆ ಕಂಸ ಮುಚ್ಚಲು ಹೇಳುತ್ತಾನೆ. ಅದೂ ಸರಿಯಾಗಿಯೇ ಹೇಳುತ್ತಾನೆ.

ನಡುವೆ ಬೇಕಾದಷ್ಟು ಹರಟೆ. ಡಬಲ್ ಡೆಕ್ಕರ್ ನಿಂತದ್ದು ಯಾವ ವರ್ಷ ಎಂದು ಇವತ್ತು ವಾದವಾಯಿತು. ಅವನು ತನ್ನ ಜೀಡಿಮೆಟ್ಲಾದ ಕಾರ್ಖಾನೆ ಬಿಟ್ಟ ವರ್ಷ ಎಂದ. ನಾನು ಅದಕ್ಕೂ ಮುಂಚೆ ಎಂದೆ. "ಮ್ಯಾಲಿನ ಮುಂದಿನ ಸೀಟಿನ್ಯಾಗ ಕುಂತರ ಇಡೀ ಶಹರ ನಮ್ಮ ಕಡೆ ಬರಾಕತ್ತೈತಿ ಅನಸ್ತಿತ್ತು" ಎಂದ. ಗುರುದೇವಿ, "ನನಗೂ ಮೆಟ್ರೋದಾಗ ಹಂಗ ಅನಸ್ತೈತ್ರಿ, ಗಾಳಿ ಮೊದಲ ಬರ್ತೈತಿ" ಎಂದಳು.

ಮಂದಾಕಿನಿ ಇವತ್ತಿನಿಂದ ಡಬ್ಬಿಯಲ್ಲಿ ಒಂದು ಜೋಳದ ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಾಳೆ. ನಾನು ಹೇಳಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅನ್ನಕ್ಕಿಂತ ವಾಸಿಯಂತೆ.

ಮೇ 20, ಮಂಗಳವಾರ

ಮಲ್ಲು ಬರಲಿಲ್ಲ. ಕಣ್ಣಿನ ಆಸ್ಪತ್ರೆ. ಶೈಲಾಗೆ ಸಂಜೆ ಫೋನು ಮಾಡಿದೆ. ಚುಚ್ಚುಮದ್ದಿನಿಂದ ಇನ್ನು ಹೆಚ್ಚು ಉಪಯೋಗವಿಲ್ಲವೆಂದರಂತೆ. ಅಂಚೂ ಮಸುಕಾಗಬಹುದಂತೆ.

ಕೆಲಸ ಸಾಗಲಿಲ್ಲ.

ಮೇ 23, ಶುಕ್ರವಾರ

ಚುಕ್ಕಿ ಓಡಿತು! ಒಂದು ಪುಟ ಕೊಟ್ಟೆವು. ಹೊಸ ಯಂತ್ರ ಟಕಟಕ ಎಂದು ಒತ್ತಿತು. ಗುರುದೇವಿ ಓದಿದಳು, ಎರಡು ಕಡೆ ಮುಖ ಗಂಟಿಕ್ಕಿದಳು, ಉಳಿದದ್ದಕ್ಕೆ ತಲೆ ಆಡಿಸಿದಳು.

"ಇನ್ನ ಖಾಯಂ ಎಲ್ಲಿ ಇಡ್ತೀರಿ ಸರ್?" ಎಂದು ಕೇಳಿದಳು.

ಮಲ್ಲು ಕಿಟಕಿಯ ಕಡೆ ತಿರುಗಿ, "ಎಲ್ಲಿ ಬೇಕಾದಲ್ಲಿ ಇಡು. ನನಗೇನು ಕಾಣೂದೈತಿ?" ಎಂದ.

ಹೀಗೆನ್ನುವ ಮನುಷ್ಯನಲ್ಲ ಅವನು. ಆಪ್ಟ್ ಎಂದು ಮೇಜು ಗುದ್ದಬೇಕಿತ್ತು. ನಾನು ವಾದಕ್ಕೆ ತಯಾರಾಗಿಯೇ ಕೂತಿದ್ದೆ.

ಅವನನ್ನು ಆಟೋ ಹತ್ತಿಸಿ ಬಂದು, ಪರೀಕ್ಷೆಗೆಂದು ಚುಕ್ಕಿಯನ್ನು ಎರಡೂ ಕಡೆ ಇಟ್ಟು, ಗುರುದೇವಿ ಬಳಸುವ, ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ದನಿಯನ್ನು ಹಚ್ಚಿದೆ. ಕಣ್ಣು ಮುಚ್ಚಿದೆ. ಲೋಕಲ್‌ನಲ್ಲಿ ಪ್ರೋಗ್ರಾಮುಗಳಿರುವ ಫೋಲ್ಡರ್ ತೆರೆದರೆ ಆ ದನಿ ಯಾವ್ಯಾವುದೋ ಹೆಸರುಗಳನ್ನು ಓದುತ್ತಲೇ ಹೋಯಿತು. ಚುಕ್ಕಿಯದು ಎಲ್ಲೋ ನಡುವೆ ಬಂದು ಹೋಯಿತು, ಹಿಡಿಯುವಷ್ಟರಲ್ಲಿ ಮುಂದಿನದು. ಅಕ್ಷರಪಟ್ಟಿ ಹುಡುಕಲು ಇನ್ನೊಂದು ಫೋಲ್ಡರ್, ಅಲ್ಲೂ ಇದೇ ಜಾತ್ರೆ. ನನಗೆ ಬೆವರು ಬಂತು. ಕಣ್ಣು ಬಿಟ್ಟುಬಿಟ್ಟೆ. ಆಪ್ಟ್‌ನಲ್ಲಿ ಚುಕ್ಕಿ ತೆರೆದೆ. ನಾಲ್ಕು ಹೆಸರು ಹೇಳಿ ದನಿ ನಿಂತಿತು. ಬೇಕಾದದ್ದೆಲ್ಲ ಅಲ್ಲೇ.

ಆಪ್ಟ್‌ನಲ್ಲೇ ಖಾಯಂ ಇಟ್ಟೆ.

ಇದಕ್ಕೆ ಕಾರಣಗಳನ್ನು ಬರೆದಿಡುವುದು ಒಳ್ಳೆಯದು. ಆಪ್ಟ್ ಡಿಸ್ಕಿನ ಬೇರೆ ಭಾಗದಲ್ಲಿದೆ, ಸಿಸ್ಟಮ್ ಬದಲಿಸಿದರೂ ಉಳಿಯುತ್ತದೆ. ನಕಲು ತೆಗೆಯುವುದೂ ಸುಲಭ. ತಾಂತ್ರಿಕವಾಗಿ ಸರಿಯಾದ ನಿರ್ಧಾರ. ಲೋಕಲ್ ತಪ್ಪೆಂದು ಇದರ ಅರ್ಥವಲ್ಲ. ಲೋಕಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಮೊದಲಿನದೇ. ಇದರಲ್ಲಿ ಬೇರೆ ಏನೂ ಇಲ್ಲ.

ಮೇ 26, ಸೋಮವಾರ

ಮಲ್ಲುವನ್ನು ಕೀಲಿಮಣೆಯ ಮುಂದೆ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿದೆ. "ಹುಡುಕು" ಎಂದೆ.

"ಲೋಕಲ್‌ದಾಗ ಹುಡುಕಬೇಕಲ್ಲ?"

"ನಿನ್ನ ಜಾಗದಾಗ ನೋಡು."

ಅವನ ಬೆರಳುಗಳು ಕೀಲಿಗಳ ಮೇಲೆ ಆಡಿದವು. ದನಿ ಹೇಳಿದ್ದನ್ನು ಕೇಳಿಸಿಕೊಂಡ. ಆಮೇಲೆ ಹೆಡ್‌ಫೋನ್ ತೆಗೆದು, "ಎಲ್ಲಾ ಒಂದ ತಾಟಿನ್ಯಾಗ ಇಟ್ಟೀಯಲ್ಲೋ ಜಯಾ" ಎಂದ.

"ನಕಲು ತಗೀಲಿಕ್ಕೆ ಅನುಕೂಲ ಅಂತ" ಎಂದೆ.

"ಹೌದ್ಹೌದು" ಎಂದ. "ನಕಲಿಗೆ ಭಾಳ ಅನುಕೂಲ."

ಆಮೇಲೆ ಒಂದು ಅಕ್ಷರಪಟ್ಟಿ ತಾನೇ ತೆರೆದು, ಗುರುದೇವಿ ಗಂಟಿಕ್ಕಿದ್ದ ಎರಡು ಜಾಗಗಳನ್ನು ತಾನೇ ತಿದ್ದಿದ. ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂರುವುದಷ್ಟೇ ನನ್ನ ಕೆಲಸವಾಗಿತ್ತು. ಇನ್ನು ಮುಂದೆ ಪುಸ್ತಕಗಳನ್ನು ಚುಕ್ಕಿಗೆ ತಿರುಗಿಸುವುದು ಅವರದೇ ಜವಾಬ್ದಾರಿ ಎಂದು ಗುರುದೇವಿ ಅಲ್ಲೇ ಹೇಳಿಬಿಟ್ಟಳು. "ದಿನಾ ಬರಬೇಕ್ರಿ. ರಜಾ ಕೇಳಿ ತಗೋಬೇಕು."

"ಈ ವಯಸ್ಸಿನ್ಯಾಗ ನೌಕರಿ!" ಎಂದ ಮಲ್ಲು. ಹೆಡ್‌ಫೋನ್ ಮತ್ತೆ ಕಿವಿಗೆ ಹಾಕಿಕೊಂಡ.

ಜೂನ್ 10, ಮಂಗಳವಾರ

ಪುಸ್ತಕಗಳು ನಾರಾಯಣಪೇಟಕ್ಕೆ ಹೋದವು. ಕಟ್ಟುಗಳನ್ನು ಆಟೋಗೆ ಹಾಕಿ ಕಳಿಸಿದ ಮೇಲೆ ಮೂವರೂ ಕೂತೆವು. ಒಂದು ಪ್ರತಿ ನಮಗೆಂದು ಉಳಿಸಿಕೊಂಡಿದ್ದಳು ಗುರುದೇವಿ. ಅದನ್ನು ಮಲ್ಲುವಿನ ಮುಂದಿಟ್ಟು, "ಓದ್ರಿ" ಎಂದಳು.

"ಮಕ್ಕಳ ಪುಸ್ತಕ."

"ಅದಕ್ಕ ಹೇಳಿದ್ದು. ಓದ್ರಿ."

ತೋರುಬೆರಳನ್ನು ಮೊದಲ ಸಾಲಿನ ಮೇಲಿಟ್ಟ. ಬೆರಳು ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಒಂದು ಅಕ್ಷರದ ಮೇಲೆ ನಿಲ್ಲುತ್ತದೆ. ನಾನು ಮೇಜಿನ ಈ ಕಡೆಯಿಂದ ಆ ಸಾಲನ್ನು ಕಣ್ಣಿನಿಂದ ಓದಿ ಮುಗಿಸಿದ್ದೆ. ಬಾಯಿ ಬಿಡಲಿಲ್ಲ. ಕೆಳಗೆ ರಸ್ತೆಯಲ್ಲಿ ಕೋಚಿಂಗ್ ಸೆಂಟರಿನ ಹುಡುಗರು ಗದ್ದಲ ಮಾಡುತ್ತ ಹೋದರು. ಚಹಾದ ಮೇಲೆ ಕೆನೆಗಟ್ಟಿತು.

"ಮ... ಳೆ..." ಎಂದ. "ಮಳೆ. ಮಳೆ ಬಂ... ತು." ತಲೆ ಎತ್ತಿದ. ಮತ್ತೆ ಬಗ್ಗಿದ. ಮುಂದಿನ ಪದದಲ್ಲಿ ಬೆರಳು ಸಿಕ್ಕಿಕೊಂಡಿತು. ನಾಲ್ಕೈದು ಸಲ ಉಜ್ಜಿ ನೋಡಿ, "ಇಲ್ಲಿ ತಪ್ಪೈತಿ. ಒಂದು ಚುಕ್ಕಿ ಬಿಟ್ಟೈತಿ" ಎಂದ.

ಗುರುದೇವಿ ಕೈ ಚಾಚಿ, ಅವನ ಬೆರಳನ್ನು ಸರಿಸಿ ಓದಿದಳು. "ತಪ್ಪು ಹಾಳಿಯೊಳಗಿಲ್ರಿ. ನಿಮ್ಮ ಬೆರಳಿನ್ಯಾಗೈತಿ. ಇನ್ನೊಮ್ಮೆ."

ಅವನು ಜೋರಾಗಿ ನಕ್ಕ. ಕೈಯನ್ನು ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ಓದಿದ. ಬಂತು. ಆ ಸಾಲು ಮುಗಿಸಿದ. ಯಾರೂ ಹೇಳದೆಯೇ ಎರಡನೆಯ ಸಾಲಿಗೆ ಇಳಿದ.

ಹೊರಡುವಾಗ ಮೋಡವಾಗಿತ್ತು. ಆಟೋ ಬೇಡ, ಸಿಟಿ ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದ. ಸ್ಟಾಪಿನಲ್ಲಿ ನಿಂತು ಬಸ್ಸುಗಳ ನಂಬರು ಓದಿ ಹೇಳಿದೆ. ಉಪ್ಪಲ್ ಬಸ್ಸು ಬಂದಾಗ ಅವನ ಮೊಳಕೈ ಹಿಡಿದು ಹತ್ತಿಸಿದೆ. ಮುಂದೆ ಎರಡು ಸೀಟು ಖಾಲಿ ಇದ್ದವು, ನಾನೂ ಕೂತೆ. ದಾರಿಯುದ್ದಕ್ಕೂ ಈಗ ಏನು ಬಂತು, ಈಗ ಏನು ಬಂತು ಎಂದು ಕೇಳುತ್ತ ಬಂದ. ಕೆಲವನ್ನು ನಾನು ಹೇಳುವ ಮೊದಲೇ ಅವನೇ ಹೇಳಿದ. ಅವುಗಳಲ್ಲಿ ಎಷ್ಟೋ ಈಗ ಅಲ್ಲಿಲ್ಲ, ಒಡೆದು ಬೇರೆ ಕಟ್ಟಿದ್ದಾರೆ. ಇವೆ ಎಂದೆ.

ಮನೆಗೆ ಬಂದಾಗ ಮಂದಾಕಿನಿ ದೀಪ ಹಚ್ಚಿ ಬಾಗಿಲಲ್ಲೇ ನಿಂತಿದ್ದಳು. "ದಿಲ್‌ಸುಖ್‌ನಗರದಿಂದ ಬರಲಿಕ್ಕೆ ಇಷ್ಟು ಹೊತ್ತೇನ್ರಿ?"

"ಉಪ್ಪಲ್‌ಗೆ ಹೋಗಿದ್ದೆ."

"ಅಲ್ಲೇನು ಕೆಲಸ ಇತ್ತು?"

ಯೋಚಿಸಿ ನೋಡಿದೆ. "ಏನೂ ಇರಲಿಲ್ಲ" ಎಂದೆ. "ಮಾತಾಡಿಕೋತ ಹೋಗಿಬಿಟ್ಟೆ."